ಮೊದಲ ವಾಸನೆಗೇ ನಿಲ್ಲುವ ನಾಯಿ: ಸ್ಯಾಂಡ್‌ಹಿಲ್ಸ್‌ನಲ್ಲಿ ಪ್ರೈರಿ ಕೋಳಿ ಬೇಟೆ

ಅಮೆರಿಕದ ಹುಲ್ಲುಗಾವಲಿನ ಕಾಡುಹಕ್ಕಿಯಾದ ಪ್ರೈರಿ ಕೋಳಿಯ ಬೇಟೆಯಲ್ಲಿ ನಾಯಿ ಎಷ್ಟು ದೂರ ಓಡುತ್ತದೆ ಎನ್ನುವುದಕ್ಕಿಂತ ಎಲ್ಲಿ ನಿಲ್ಲುತ್ತದೆ ಎನ್ನುವುದೇ ಮುಖ್ಯ. ಫೆಸೆಂಟ್ ಹಕ್ಕಿಯ ಮೇಲೆ ಪಳಗಿದ ನಾಯಿಗೆ ವಾಸನೆ ಸಿಕ್ಕ ಮೇಲೂ ನಾಲ್ಕು ಹೆಜ್ಜೆ ಮುಂದೆ ತೆವಳುವ ಚಾಳಿ ಇರುತ್ತದೆ. ಜೊಂಡಿನೊಳಗೆ ಓಡಿ ತಪ್ಪಿಸಿಕೊಳ್ಳುವ ಫೆಸೆಂಟಿಗೆ ಅದು ನಡೆಯುತ್ತದೆ. ಮೊಣಕಾಲೆತ್ತರದ ಹುಲ್ಲಿನಲ್ಲಿ ಕತ್ತೆತ್ತಿ ಸುತ್ತ ನೋಡುತ್ತಿರುವ ಪ್ರೈರಿ ಕೋಳಿಗೆ ನಡೆಯುವುದಿಲ್ಲ. ನಾಯಿ ಅದನ್ನು ಒತ್ತರಿಸಿದರೆ ಇಡೀ ಹಿಂಡು ಕೋವಿಯ ಅಳತೆಗೆ ಬರುವ ಮೊದಲೇ ಎದ್ದು, ಒಂದೂವರೆ ಕಿಲೋಮೀಟರ್ ಆಚೆ ಹೋಗಿ ಇಳಿಯುತ್ತದೆ. ಹಾಗಾಗಿ ನನ್ನ ತಯಾರಿಯೆಲ್ಲ ಎರಡೇ ವಿಷಯಕ್ಕೆ: ನಾಯಿ ಮೊದಲ ವಾಸನೆಗೇ ಕಲ್ಲಾಗಬೇಕು, ಆಮೇಲಿನ ನಡಿಗೆಯನ್ನು ನಾನು ಕೆಡಿಸಬಾರದು.

ನಾನು ಬೇಟೆಯಾಡುವುದು ನೆಬ್ರಾಸ್ಕ ರಾಜ್ಯದ ಸ್ಯಾಂಡ್‌ಹಿಲ್ಸ್‌ನಲ್ಲಿ. ಸುಮಾರು 50,000 ಚದರ ಕಿಲೋಮೀಟರಿನಷ್ಟು ಹುಲ್ಲು ಹೊದ್ದ ಮರಳುದಿಬ್ಬಗಳು. ಬಹುಪಾಲು ಖಾಸಗಿ ದನದ ರ‍್ಯಾಂಚುಗಳು. ಮಾಲೀಕರನ್ನು ಕೇಳದೆ ಬೇಲಿ ದಾಟುವ ಹಾಗಿಲ್ಲ. ಸಾರ್ವಜನಿಕ ನೆಲ ಬೇಕಾದವರಿಗೆ ಹಾಲ್ಸಿ ಊರಿನ ಪಕ್ಕದ ನೆಬ್ರಾಸ್ಕ ನ್ಯಾಷನಲ್ ಫಾರೆಸ್ಟ್ ಇದೆ (ಹೆಸರು ಕಾಡು, ಇರುವುದು ಹೆಚ್ಚಾಗಿ ಹುಲ್ಲುಗಾವಲು, ಮರಗಳಿರುವ ಭಾಗವನ್ನು ಕಳೆದ ಶತಮಾನದಲ್ಲಿ ಕೈಯಿಂದ ನೆಟ್ಟದ್ದು). ಉತ್ತರಕ್ಕೆ ಹೋದರೆ ಮೆಕೆಲ್ವಿ ಫಾರೆಸ್ಟ್, ವ್ಯಾಲೆಂಟೈನ್ ವನ್ಯಜೀವಿ ರೆಫ್ಯೂಜ್ (ಅಭಯಧಾಮ). ರೆಫ್ಯೂಜಿನೊಳಗೆ ಸೀಸದ ಚರೆ ನಿಷಿದ್ಧ, ಸ್ಟೀಲಿನಂಥ ವಿಷವಿಲ್ಲದ ಚರೆಯ ತೋಟೆಯೇ ಆಗಬೇಕು. ಸೀಸನ್ ಸೆಪ್ಟೆಂಬರ್ 1ರಿಂದ ಜನವರಿ 31ರವರೆಗೆ. ದಿನಕ್ಕೆ ಮೂರು ಹಕ್ಕಿ, ಅದೂ ಪ್ರೈರಿ ಕೋಳಿ ಮತ್ತು ಅದರ ದಾಯಾದಿ ಶಾರ್ಪ್‌ಟೇಲ್ ಗ್ರೌಸ್ ಎರಡೂ ಸೇರಿ. ಕ್ಯಾನ್ಸಸ್‌ನ ಫ್ಲಿಂಟ್ ಹಿಲ್ಸ್ ಕಡೆ ಸೆಪ್ಟೆಂಬರ್ 15ಕ್ಕೆ ಶುರು, ದಿನಕ್ಕೆ ಎರಡು. ಆ ರಾಜ್ಯದ ನೈರುತ್ಯ ಮೂಲೆಯಲ್ಲಿ ಕಿರಿಯ ಜಾತಿಯ ಪ್ರೈರಿ ಕೋಳಿ ಇರುವುದರಿಂದ ಅಲ್ಲಿ ಬೇಟೆಯೇ ಇಲ್ಲ. ನಿಯಮ ವರ್ಷಕ್ಕೊಮ್ಮೆ ಬದಲಾಗಬಹುದು, ಆ ವರ್ಷದ ಪುಸ್ತಿಕೆ ನೋಡಿಯೇ ಹೊರಡಿ.

ಇಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು. ಎಚ್-1ಬಿಯಂಥ ವಲಸೆಯೇತರ ವೀಸಾದವರು ಕೋವಿ, ತೋಟೆ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಹಂಟರ್ ಎಜುಕೇಷನ್ ಎಂಬ ಬೇಟೆಗಾರರ ತರಗತಿ, ಆಮೇಲೆ ಲೈಸೆನ್ಸ್ ಮತ್ತು ಹ್ಯಾಬಿಟ್ಯಾಟ್ ಸ್ಟ್ಯಾಂಪ್ (ವನ್ಯಜೀವಿ ನೆಲೆಗಳಿಗಾಗಿ ಕಟ್ಟುವ ಶುಲ್ಕದ ಚೀಟಿ), ಕೋವಿಯ ಮಾತು ಕೊನೆಗೆ. ಕ್ಯಾನ್ಸಸ್‌ನಲ್ಲಿ 1957ರ ಜುಲೈ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಆ ತರಗತಿ ಕಡ್ಡಾಯ. ಇದನ್ನೆಲ್ಲ ಓದಿ ಊರಿನ ಹೊಲದಲ್ಲಿ ಗೌಜಲಹಕ್ಕಿಯ ಮೇಲೆ ಪ್ರಯೋಗ ಮಾಡಲು ಹೋಗಬೇಡಿ. 1972ರ ವನ್ಯಜೀವಿ ಕಾಯ್ದೆ ಹಾಗೆಯೇ ಇದೆ.

ಇನ್ನು ನೆಲ. ದನ ಮೇಯ್ದು ಪಾದ ಕಾಣುವಷ್ಟು ಬೋಳಾದ ಜಾಗದಲ್ಲಿ ಹಕ್ಕಿ ನಿಲ್ಲುವುದಿಲ್ಲ. ವರ್ಷಗಟ್ಟಲೆ ಮೇಯದೆ ಹಳೆಯ ಹುಲ್ಲು ಒತ್ತಾಗಿ ಮಲಗಿದ ಕಡೆಯೂ ಇರುವುದಿಲ್ಲ, ಅಲ್ಲಿ ಅದಕ್ಕೆ ನಡೆಯಲು ಆಗದು. ಮೀನಖಂಡದಿಂದ ಮೊಣಕಾಲಿನವರೆಗಿನ ಹುಲ್ಲು, ನಡುನಡುವೆ ಕಾಡು ಸೂರ್ಯಕಾಂತಿ, ಕಾಡುಗುಲಾಬಿಯ ಕಾಯಿ, ಬೇಕಾದಷ್ಟು ಮಿಡತೆ, ಇಂಥ ಕಡೆ ನಾಯಿ ಬಿಡಬೇಕು. ಕಡಿದಾದ ಗುಡ್ಡಗಳ ಒಳಗೆ ಶಾರ್ಪ್‌ಟೇಲ್ ಹೆಚ್ಚು. ಅಗಲವಾದ ಕಣಿವೆ, ಹುಲ್ಲು ಕೊಯ್ದ ಬಯಲು, ಕುದುರೆಮಸಾಲೆ ಸೊಪ್ಪಿನ ಹೊಲದ ಅಂಚು ಸಿಕ್ಕಿದಲ್ಲಿ ಪ್ರೈರಿ ಕೋಳಿ ಹೆಚ್ಚು.

ಹೊತ್ತಿನ ಲೆಕ್ಕವೂ ಇದೆ. ಬೆಳಗ್ಗೆ ಮೇಯಲು ತಗ್ಗಿಗೆ ಇಳಿದ ಹಕ್ಕಿ ಬಿಸಿಲೇರಿದ ಮೇಲೆ ದಿಬ್ಬದ ಉತ್ತರ ಮತ್ತು ಪೂರ್ವ ಮಗ್ಗುಲಿನ ನೆರಳು ಹುಡುಕುತ್ತದೆ. ಕುರುಚಲು ಪ್ಲಮ್ ಪೊದೆಯಿದ್ದರೆ ಅದರ ಬುಡವೇ ಜಾಗ. ಗಾಳಿ ಜೋರಿದ್ದ ದಿನ ನೆತ್ತಿಯಿಂದ ಸ್ವಲ್ಪ ಕೆಳಗೆ, ಗಾಳಿಮರೆಯಲ್ಲಿ ಕೂರುತ್ತದೆ. ನಾನು ಏಣಿನ ಮೇಲೆ ನಡೆಯುವುದಿಲ್ಲ. ಆಕಾಶಕ್ಕೆ ಎದ್ದು ಕಾಣುವ ಆಳನ್ನು ಹಕ್ಕಿ ಅರ್ಧ ಮೈಲಿಯಿಂದ ನೋಡುತ್ತದೆ. ಏಣಿಗೆ ಹತ್ತು ಮೀಟರ್ ಕೆಳಗೆ, ಗಾಳಿಗೆ ಮುಖ ಕೊಟ್ಟು ನಡೆದರೆ ನಾಯಿ ಎರಡೂ ಮಗ್ಗುಲು ಅಡ್ಡಡ್ಡ ಹಾಯುತ್ತಾ ಹೋಗುತ್ತದೆ. ಗಂಟೆಗೆ 10ರಿಂದ 25 ಕಿಲೋಮೀಟರ್ ಗಾಳಿ ಸಿಕ್ಕರೆ ಒಳ್ಳೆಯ ದಿನ. ಅಲುಗದ ಗಾಳಿ ಎಲ್ಲಕ್ಕಿಂತ ಕೆಟ್ಟದ್ದು: ವಾಸನೆ ಹಕ್ಕಿಯ ಸುತ್ತಲೇ ಮಡುಗಟ್ಟಿ ನಿಂತಿರುತ್ತದೆ, ನಾಯಿ ಅದರೊಳಗೆ ನುಗ್ಗಿದ ಮೇಲೆ ಮಾತ್ರ ತಿಳಿಯುತ್ತದೆ. ಗಾಳಿ 40 ದಾಟಿದರೆ ಹುಲ್ಲಿನ ಸದ್ದಿನಲ್ಲಿ ಹಕ್ಕಿಗೆ ಕಿವಿ ಕೇಳದೆ ಹೆದರಿಕೆ ಹೆಚ್ಚಿ, ನಾಯಿ ಸುಳಿದರೂ ಸಾಕು, ಏಳುತ್ತದೆ.

ನಾಯಿ ಯಾವುದು ಎಂಬ ವಾದಕ್ಕೆ ಕೊನೆಯಿಲ್ಲ. ಇಂಗ್ಲಿಷ್ ಪಾಯಿಂಟರ್, ಸೆಟ್ಟರ್, ಬ್ರಿಟನಿ, ಜರ್ಮನ್ ಶಾರ್ಟ್‌ಹೇರ್, ಎಲ್ಲವೂ ಮಾಡುತ್ತವೆ. ಬಿಸಿಲಿಗೆ ತೆಳುಗೂದಲಿನ ಪಾಯಿಂಟರ್ ಮೇಲು ಎನ್ನುವುದಷ್ಟೇ ನನ್ನ ಅಭಿಪ್ರಾಯ. ಬಯಲಿನಲ್ಲಿ 150ರಿಂದ 350 ಮೀಟರ್ ಹರವಿನಲ್ಲಿ ಓಡುವ ನಾಯಿ ಬೇಕು. ಕಾಲಬುಡದಲ್ಲೇ ಸುತ್ತುವ ನಾಯಿಯಿಂದ ಇಷ್ಟು ನೆಲ ಮುಗಿಯುವುದಿಲ್ಲ. ಕತ್ತಿಗೆ ಜಿಪಿಎಸ್ ಪಟ್ಟಿ ಕಡ್ಡಾಯ, ಯಾಕೆಂದರೆ ಎರಡು ದಿಬ್ಬದಾಚೆ ಪಾಯಿಂಟ್ ಹಿಡಿದು (ಹಕ್ಕಿಯಿರುವ ಕಡೆ ಮೂಗು ಮಾಡಿ ಅಲುಗದೆ) ನಿಂತ ನಾಯಿ ಬೊಗಳುವುದಿಲ್ಲ.

ಮೊದಲ ವಾಸನೆಗೆ ನಿಲ್ಲಿಸುವುದನ್ನು ಬೇಸಿಗೆಯಲ್ಲೇ ಕಲಿಸುತ್ತೇನೆ. ಬೇಕಾದದ್ದು ಪಾರಿವಾಳ ಮತ್ತು ರಿಮೋಟಿನಿಂದ ತೆರೆಯುವ ಲಾಂಚರ್ ಪೆಟ್ಟಿಗೆ. ಪೆಟ್ಟಿಗೆಯನ್ನು ಹುಲ್ಲಿನಲ್ಲಿ ಮರೆಯಾಗಿಟ್ಟು, ನಾಯಿಯನ್ನು 30–40 ಮೀಟರ್ ದೂರದಲ್ಲಿ ಗಾಳಿಗೆ ಅಡ್ಡವಾಗಿ ತರುತ್ತೇನೆ. ವಾಸನೆ ತಾಗಿದ ಕ್ಷಣ ಮೂಗು ತಟ್ಟನೆ ಪಕ್ಕಕ್ಕೆ ತಿರುಗುತ್ತದೆ, ಓಟದ ಲಯ ತಪ್ಪುತ್ತದೆ. ಅಲ್ಲೇ ನಿಂತರೆ ಪಾರಿವಾಳವೂ ಅಲ್ಲೇ. ಅಲ್ಲಿಂದ ಮುಂದೆ ಒಂದೇ ಒಂದು ಹೆಜ್ಜೆ ಇಟ್ಟರೂ ಗುಂಡಿ ಒತ್ತಿ ಹಕ್ಕಿ ಹಾರಿಸಿಬಿಡುತ್ತೇನೆ. ಗದರಿಕೆ ಇಲ್ಲ, ಪಟ್ಟಿ ಎಳೆಯುವುದಿಲ್ಲ, ಈಡೂ ಇಲ್ಲ. ಮುಂದೆ ಹೋದರೆ ಹಕ್ಕಿ ಕೈತಪ್ಪುತ್ತದೆ ಎಂಬ ಪಾಠವನ್ನು ಹಕ್ಕಿಯೇ ಕಲಿಸಬೇಕು. ‘ವೋ’ ಎಂಬ ನಿಲ್ಲುವ ಆಜ್ಞೆಯನ್ನು ಅಂಗಳದಲ್ಲಿ ಬೇರೆಯಾಗಿ ಕಲಿಸುತ್ತೇನೆ. ಹಕ್ಕಿಯ ಹತ್ತಿರ ಕೂಗುವುದಿಲ್ಲ. ಇಲ್ಲಿ ಹೆಚ್ಚಿನವರು ಕೆಡಿಸುವುದು ಲಾಂಚರನ್ನು ತೀರ ಹತ್ತಿರ ತೆರೆದು. ಮೂತಿಯೆದುರೇ ಪೆಟ್ಟಿಗೆ ಸಿಡಿದರೆ ಎಳೆಯ ನಾಯಿ ಹಕ್ಕಿಯ ವಾಸನೆಗೇ ಅಂಜಿ ದೂರ ಸರಿಯಲು ಶುರುಮಾಡುತ್ತದೆ, ಅದನ್ನು ಸರಿಪಡಿಸಲು ತಿಂಗಳುಗಳೇ ಬೇಕು.

ಪಾಯಿಂಟ್ ಆದ ಮೇಲಿನ ನಡಿಗೆ ಈ ಬೇಟೆಯ ಜೀವ. ಜಿಪಿಎಸ್ ಸದ್ದು ಮಾಡಿದ ಕೂಡಲೇ ಓಡುವುದಿಲ್ಲ. ಏದುಸಿರಿನಲ್ಲಿ ಗುರಿ ನಿಲ್ಲುವುದಿಲ್ಲ. ನೇರ ನಾಯಿಯ ಬೆನ್ನ ಹಿಂದಿನಿಂದ ಹೋದರೆ ನಾಯಿ ಚಡಪಡಿಸುತ್ತದೆ, ಹಕ್ಕಿ ಮುಂದೆ ನಡೆದುಕೊಂಡೇ ಹೋಗುತ್ತದೆ. ನಾಯಿಯಿಂದ 10–15 ಮೀಟರ್ ಪಕ್ಕಕ್ಕೆ ಉಳಿದು, ಬಿಲ್ಲಿನ ಬಾಗಿನಲ್ಲಿ ನಡೆದು, ಅದರ ಮೂಗಿನ ದಿಕ್ಕಿಗೆ ಮುಂದಿನಿಂದ ಅಡ್ಡ ಬರಬೇಕು. ಆಗ ಹಕ್ಕಿಗೆ ಒಂದು ಕಡೆ ನಾಯಿ, ಇನ್ನೊಂದು ಕಡೆ ನಾನು. ಅದು ಒತ್ತಿ ಕೂರುತ್ತದೆ. ಹಕ್ಕಿ ನಾಯಿಯ ಮೂಗಿನ ಕೆಳಗೇ ಇರಬೇಕಿಲ್ಲ, ಒಳ್ಳೆಯ ಗಾಳಿಯಲ್ಲಿ 30–40 ಮೀಟರ್ ಮುಂದೆಯೂ ಇರಬಹುದು. ಕಾಲಬುಡದ ಹುಲ್ಲನ್ನು ಹುಡುಕುತ್ತಾ ನಡೆದರೆ ರೆಕ್ಕೆ ಬಡಿದಾಗ ಕತ್ತು ಎತ್ತುವುದರೊಳಗೆ ಅರ್ಧ ಹೊತ್ತು ಹೋಗಿರುತ್ತದೆ. ಕಣ್ಣು ಹುಲ್ಲಿನ ತುದಿಯ ಮೇಲಿರಲಿ.

ನಾಯಿಯ ಬಾಲ ಸಡಿಲವಾಗಿ, ಕಣ್ಣು ನನ್ನ ಕಡೆ ಹೊರಳಿದರೆ ಹಕ್ಕಿ ಜಾಗ ಬಿಟ್ಟಿದೆ ಎಂದರ್ಥ. ತಲೆ ತಟ್ಟಿ ಮುಂದೆ ಬಿಡುತ್ತೇನೆ, ಅದು ಮತ್ತೆ ಜಾಡು ಹಿಡಿದು ನಿಲ್ಲುವವರೆಗೆ ನಾನು ಅಲುಗುವುದಿಲ್ಲ. ಎರಡು ನಾಯಿ ಬಿಟ್ಟಿದ್ದರೆ ಎರಡನೆಯದು ಪಾಯಿಂಟ್ ಹಿಡಿದ ಮೊದಲನೆಯದನ್ನು ಕಂಡಲ್ಲೇ, ಮುಂದೆ ನುಗ್ಗದೆ ತಾನೂ ನಿಲ್ಲಬೇಕು (ಇದಕ್ಕೆ ಬ್ಯಾಕ್ ಮಾಡುವುದು ಎನ್ನುತ್ತಾರೆ). ಇಬ್ಬರು ಬೇಟೆಗಾರರಿದ್ದರೆ ನಾಯಿಯ ಎಡಬಲಕ್ಕೆ ಒಬ್ಬೊಬ್ಬರು, ಒಂದೇ ಸಾಲಿನಲ್ಲಿ, ತಮ್ಮ ಕಡೆಗೆ ಎದ್ದದ್ದು ಮಾತ್ರ ತಮ್ಮದು. ಕೇಸರಿ ಅಂಗಿ, ಟೋಪಿ ಹಾಕಿಯೇ ಇರಬೇಕು.

ಹಿಂಡು ಒಂದೇ ಸಲ ಏಳುವುದು ಕಡಿಮೆ. ಎರಡು, ಮೂರು, ಆಮೇಲೆ ಒಂದು, ಹೀಗೆ ಎದ್ದು ಕೊಕ್ ಕೊಕ್ ಎನ್ನುತ್ತಾ ರೆಕ್ಕೆ ಬಡಿದು ತೇಲಿ ಹೋಗುತ್ತವೆ. ಹಿಂಡಿನ ನಡುವಿಗೆ ಹೊಡೆದರೆ ಒಂದೂ ಬೀಳುವುದಿಲ್ಲ, ಇಲ್ಲವೇ ಎರಡು ಗಾಯಗೊಳ್ಳುತ್ತವೆ. ಒಂದನ್ನು ಆರಿಸಿ, ಬೀಳುವವರೆಗೆ ಕಣ್ಣು ಅದರ ಮೇಲೆಯೇ. ಹೊಡೆದ ತಕ್ಷಣ ನಿಂತಲ್ಲೇ ತೋಟೆ ಬದಲಿಸುತ್ತೇನೆ, ಬಿದ್ದ ಹಕ್ಕಿಯ ಕಡೆ ಓಡುವುದಿಲ್ಲ. ಅರ್ಧ ನಿಮಿಷದ ನಂತರ ಅದೇ ಜಾಗದಿಂದ ಇನ್ನೊಂದು ಏಳುವುದು ಮಾಮೂಲು. ಅದು ಎದ್ದಾಗ ಬಹಳ ಮಂದಿ ಖಾಲಿ ಕೋವಿಯನ್ನು ತೆರೆದು ಹಿಡಿದಿರುತ್ತಾರೆ. ಈಡಾದ ಮೇಲೂ ನಾಯಿ ಕದಲಬಾರದು ಎನ್ನುವುದು ಇದಕ್ಕೇ.

ಗುರುತು ತಪ್ಪದಿರಲಿ. ಹೆಣ್ಣು ಫೆಸೆಂಟನ್ನು ಹೊಡೆಯುವ ಹಾಗಿಲ್ಲ, ಅದೂ ಕಂದುಬಣ್ಣದ್ದೇ. ಅದರ ಬಾಲ ಉದ್ದ. ಪ್ರೈರಿ ಕೋಳಿಯದು ಮೋಟು, ಗುಂಡಗಿನ, ಕಪ್ಪು ಬಾಲ, ಎದೆಗೆ ಅಡ್ಡಪಟ್ಟೆ. ಶಾರ್ಪ್‌ಟೇಲ್ ಬಾಲ ಚೂಪಾಗಿ, ಅಂಚು ಬಿಳಿಯಾಗಿ ಕಾಣುತ್ತದೆ.

ಸೆಪ್ಟೆಂಬರಿಗೆ 20 ಗೇಜ್‌ನ (ನಳಿಗೆಯ ಅಗಲದ ಅಳತೆ) ಜೋಡುನಳಿಗೆ ಕೋವಿ, ಒಂದು ಔನ್ಸ್ (28 ಗ್ರಾಂ) 6ನೇ ನಂಬರಿನ ಚರೆ, ಇಂಪ್ರೂವ್ಡ್ ಸಿಲಿಂಡರ್ ಮತ್ತು ಮಾಡಿಫೈಡ್ ಚೋಕ್ (ಚರೆ ಹರಡುವುದನ್ನು ಹಿಡಿತದಲ್ಲಿಡುವ ನಳಿಗೆ ತುದಿಯ ಬಿಗಿತ) ಸಾಕು. 35 ಮೀಟರ್ ಮೀರಿದ್ದಕ್ಕೆ ಕೋವಿಯ ಕುದುರೆ (ಟ್ರಿಗರ್) ಎಳೆಯುವುದಿಲ್ಲ. ಚಳಿ ಬಿದ್ದ ಮೇಲೆ 12 ಗೇಜ್, ಒಂದೂಕಾಲು ಔನ್ಸ್, 5ನೇ ನಂಬರ್. ಅಂದಹಾಗೆ ಕೋವಿ, ತೋಟೆಗಳ ಮೇಲಿನ ತೆರಿಗೆ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಡಿ 1937ರಿಂದ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ. ನಾವು ನಡೆಯುವ ಎಷ್ಟೋ ಸಾರ್ವಜನಿಕ ನೆಲ ಆ ದುಡ್ಡಿನದು.

ಸೆಪ್ಟೆಂಬರಿನಲ್ಲಿ ನಾಯಿಯನ್ನು ಕೊಲ್ಲುವುದು ಹಾವಿಗಿಂತ ಹೆಚ್ಚಾಗಿ ಬಿಸಿಲು. ಬೆಳಕು ಹರಿಯುತ್ತಲೇ ಶುರುಮಾಡಿ, 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಾಡಿಗೆ ವಾಪಸ್. ಒಂದು ನಾಯಿಗೆ ಒಂದು ಸಲಕ್ಕೆ ಒಂದು ಗಂಟೆ ಓಟ, ಆಮೇಲೆ ಇನ್ನೊಂದು. ಬೆನ್ನಿಗೆ ಮೂರು ಲೀಟರ್ ನೀರು. ಬಾಯಾರಿದಾಗ ಹೊಟ್ಟೆತುಂಬ ಕೊಡದೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು. ನಾಲಿಗೆ ತುದಿ ಅಗಲವಾಗಿ ಚಮಚದಂತಾಗುವುದು, ಹಿಂಗಾಲು ತೊಡರುವುದು, ಕರೆದರೆ ತಿರುಗದಿರುವುದು, ಇವು ಬಿಸಿಲು ತಗುಲಿದ ಲಕ್ಷಣ. ಗುದದ ಥರ್ಮಾಮೀಟರಿನಲ್ಲಿ 40.5 ಡಿಗ್ರಿ ದಾಟಿದರೆ ಹೊಟ್ಟೆ, ಕಂಕುಳು, ತೊಡೆಸಂದಿಗೆ ನೀರು ಸುರಿದು, ಗಾಳಿ ಬೀಸುತ್ತಾ ಪಶುವೈದ್ಯರ ಕಡೆ ಹೊರಡಬೇಕು. ಸ್ಯಾಂಡ್‌ಹಿಲ್ಸ್‌ನ ವರವೆಂದರೆ ಗಾಳಿಯಂತ್ರದಿಂದ ತುಂಬುವ ದನದ ತೊಟ್ಟಿಗಳು. ನಕ್ಷೆಯಲ್ಲಿ ಅವನ್ನು ಮೊದಲೇ ಗುರುತಿಸಿ, ಒಂದರಿಂದ ಇನ್ನೊಂದಕ್ಕೆ ದಾರಿ ಹಾಕಿಕೊಳ್ಳುತ್ತೇನೆ. ನಾಯಿ ಒಳಗಿಳಿದು ಮುಳುಗೇಳುತ್ತದೆ. ಹಸಿರು ಬಣ್ಣ ಹೊಯ್ದಂತೆ ಕೆನೆಗಟ್ಟಿದ ನಿಂತ ಕುಂಟೆಗೆ ಮಾತ್ರ ಬಿಡಬಾರದು, ನೀಲಿಹಸಿರು ಪಾಚಿಯ ವಿಷಕ್ಕೆ ನಾಯಿ ಗಂಟೆಗಳಲ್ಲೇ ಸಾಯಬಹುದು.

ಮುಳ್ಳಿನ ಕಾಟ ಬೇರೆ. ಪಾಪಾಸುಕಳ್ಳಿ ನೆಲಕ್ಕೇ ಹಬ್ಬಿರುತ್ತದೆ, ಸ್ಯಾಂಡ್‌ಬರ್ ಹುಲ್ಲಿನ ನೆಗ್ಗಿಲಿನಂಥ ಕಾಯಿ ಬೆರಳಸಂದಿಗೆ ಹೊಕ್ಕುತ್ತದೆ. ರಬ್ಬರ್ ಬೂಟು ಹಾಕುವ ಮೊದಲು ಕಾಲಿಗೆ ಬ್ಯಾಂಡೇಜ್ ಸುತ್ತದಿದ್ದರೆ ಮರಳು ಸೇರಿ ಉಜ್ಜಿ ಗಾಯವಾಗುತ್ತದೆ. ಸೂಜಿಯಂಥ ಊಬಿನ ಹುಲ್ಲು ಇನ್ನೂ ಕೆಟ್ಟದ್ದು: ಕಿವಿ, ಕಣ್ಣು, ಮೂಗಿಗೆ ಹೊಕ್ಕರೆ ಒಳಗೊಳಗೇ ಸರಿದು ಕೀವು ಕಟ್ಟುತ್ತದೆ. ಓಟ ಮುಗಿದಾಗಲೆಲ್ಲ ಕಣ್ಣರೆಪ್ಪೆ ಎತ್ತಿ ಸಲೈನಿನಲ್ಲಿ ತೊಳೆದು, ಕಂಕುಳು, ಬೆರಳಸಂದಿ ಬೆರಳಾಡಿಸಿ ನೋಡುತ್ತೇನೆ. ಚಿಮಟ ಸದಾ ಜೇಬಿನಲ್ಲಿ, ಮುಳ್ಳುಹಂದಿಯ ಮುಳ್ಳಿಗೂ ಅದೇ ಬೇಕು. ರ‍್ಯಾಟಲ್ ಹಾವು ಕಚ್ಚಿದರೆ ಕುಯ್ಯುವುದು, ಕಟ್ಟುವುದು ಬೇಡ. ನಾಯಿಯನ್ನು ಎತ್ತಿಕೊಂಡು ಗಾಡಿಗೆ. ಹತ್ತಿರದ ಪಶುವೈದ್ಯರ ಫೋನ್ ಮೊದಲೇ ಬರೆದಿಟ್ಟಿರಿ, ದಿಬ್ಬಗಳ ಒಳಗೆ ಸಿಗ್ನಲ್ ಸಿಗುವುದು ಅಪರೂಪ.

ನವೆಂಬರ್ ಬಂದರೆ ಲೆಕ್ಕವೇ ಬೇರೆ. ಸಣ್ಣ ಸಂಸಾರಗಳು ಸೇರಿ ದೊಡ್ಡ ಹಿಂಡಾಗುತ್ತವೆ, ನೂರು ಕಣ್ಣಿಗೆ ಒಂದು ನಾಯಿ ಏನು ಮಾಡೀತು? ಆಗ ಬಹಳ ಮಂದಿ ಸಂಜೆ ಜೋಳದ ಹೊಲದ ಅಂಚಿನಲ್ಲಿ ಅಡಗಿ ಕೂತು, ಮೇಲೆ ಹಾಯುವುದನ್ನು ಹೊಡೆಯುತ್ತಾರೆ. ನನಗೆ ಅದರಲ್ಲಿ ಆಸಕ್ತಿ ಕಡಿಮೆ.

ಬಿಸಿಲಿನಲ್ಲಿ ಹಕ್ಕಿಯನ್ನು ಚೀಲಕ್ಕೆ ತುರುಕಿ ನಡೆಯಬೇಡಿ. ತೊಟ್ಟಿಯ ಹತ್ತಿರ ನಿಂತಾಗಲೇ ಕರುಳು ತೆಗೆದು ಗಾಳಿಯಾಡಲು ಬಿಟ್ಟು, ಗಾಡಿಯ ಐಸಿಗೆ ಹಾಕಬೇಕು. ಜಾತಿ ತಿಳಿಯುವಂತೆ ಪುಕ್ಕವಿರುವ ರೆಕ್ಕೆಯೋ ತಲೆಯೋ ಮನೆ ತಲುಪುವವರೆಗೆ ಅಂಟಿಕೊಂಡೇ ಇರಲಿ. ಗಂಟಲಚೀಲ ಸೀಳಿ ನೋಡಿ: ತುಂಬ ಮಿಡತೆಯಿದ್ದರೆ ಮಧ್ಯಾಹ್ನದ ನಂತರವೂ ಹುಲ್ಲಿನ ಇಳಿಜಾರನ್ನೇ ಹಿಡಿಯಿರಿ, ಸೊಪ್ಪು ಇದ್ದರೆ ಕುದುರೆಮಸಾಲೆ ಹೊಲದ ಅಂಚಿಗೆ ಹೋಗಿ.

ಮಾಂಸ ಕೋಳಿಯಂತೆ ಬಿಳಿಯಲ್ಲ, ಕಡುಗೆಂಪು. ಸಾರಿಗೆ ಹಾಕಿ ಕುದಿಸಿದರೆ ಪಿತ್ತಜನಕಾಂಗದ ರುಚಿ ಬರುತ್ತದೆ, ಇಷ್ಟವಿಲ್ಲ ಎನ್ನುವವರೆಲ್ಲ ಹಾಗೆ ಮಾಡಿ ತಿಂದವರೇ. ಎದೆಯ ತುಂಡಿಗೆ ಉಪ್ಪು, ಕುಟ್ಟಿದ ಕರಿಮೆಣಸು ಸವರಿ, ಕಾದ ಕಬ್ಬಿಣದ ಹೆಂಚಿನ ಮೇಲೆ ತುಪ್ಪ ಹಾಕಿ ಪಕ್ಕಕ್ಕೆ ಎರಡು ಮೂರು ನಿಮಿಷ; ನಡುವೆ ಇನ್ನೂ ಕೆಂಪಿರುವಾಗಲೇ ಇಳಿಸಿ, ಐದು ನಿಮಿಷ ಬಿಟ್ಟು ತೆಳ್ಳಗೆ ಕೊಯ್ಯಬೇಕು. ಕಾಲು ಮಾತ್ರ ಗಟ್ಟಿ, ಅದನ್ನು ಕುಕ್ಕರಿಗೆ ಹಾಕಿ.