ಚಿಗರಿ ಬಸ್ ನೋಡಿ ದೇವರ ಚಿತ್ತ ತಿಳಿದುಕೊಂಡವನು ನಾನು

ಉಣಕಲ್ ಕೆರೆ ಸ್ಟಾಪಿನಲ್ಲಿ ನಿಂತು ದೇವರಿಗೆ ಒಂದು ಷರತ್ತು ಹಾಕಿದ್ದೆ. ಹತ್ತು ನಿಮಿಷದೊಳಗೆ ಧಾರವಾಡದ ಚಿಗರಿ, ಅಂದರೆ ಹುಬ್ಬಳ್ಳಿ-ಧಾರವಾಡ ನಡುವೆ ಓಡೋ ಬಿಆರ್‌ಟಿಎಸ್ ಬಸ್, ಬಂದರೆ ಪುಣೆಗೆ ಹೋಗ್ತೀನಿ, ಬರದಿದ್ದರೆ ಇಲ್ಲ. ನಾಲ್ಕೇ ನಿಮಿಷಕ್ಕೆ ಬಂತು. ಕಣ್ಣು ತುಂಬಿ ಬಂತು ನನಗೆ. ಆ ದಾರಿಯಲ್ಲಿ ಚಿಗರಿ ಬಸ್ಸಿಗೇನು ಬರ ಅಂತ ಹುಬ್ಬಳ್ಳಿಯವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು, ಬಿಡಿ.

ಗೋಕುಲ ರೋಡಿನ ಒಂದು ಶೆಡ್ಡಿನಲ್ಲಿ ಲೇಥ್ ಆಪರೇಟರ್ ಆಗಿದ್ದೆ. ಆರ್ಡರ್ ನಿಂತು ಶೆಡ್ ಮುಚ್ಚಿತು. ಪುಣೆಯಲ್ಲಿ ಕೆಲಸ ಸಿಕ್ಕಿತು, ಸಂಬಳ ಜಾಸ್ತಿ. ಹೆಂಡತಿಗೆ ಸುತಾರಾಂ ಮನಸ್ಸಿರಲಿಲ್ಲ. "ದೇವರೇ ತೋರಿಸಿದಾನೆ" ಅಂದೆ. ಈ ಮಾತು ಆಡಿದ ಮೇಲೆ ಮನೆಯಲ್ಲಿ ಯಾರು ಬಾಯಿ ತೆರೀತಾರೆ? ಏಳು ತಿಂಗಳಿಗೆ, ಎರಡು ತಿಂಗಳ ಸಂಬಳ ಅಲ್ಲೇ ಬಿಟ್ಟು ವಾಪಸ್ ಬಂದೆ.

ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಒಬ್ಬರು ಅಜ್ಜಿ ಇದ್ದಾರೆ. ಆರಾಧನೆ ಮುಗಿದ ಮೇಲೆ ಚಪ್ಪಲಿ ಹುಡುಕುತ್ತಾ ನನ್ನ ಕಥೆಯನ್ನೆಲ್ಲ ಕೇಳಿದರು. "ದೇವರನ್ನ ಕೇಳಾಕ ಹೋಗಿದ್ದೇನಪಾ, ಇಲ್ಲ ಸಹಿ ಹಾಕಿಸ್ಕೊಂಡ ಬರಾಕ ಹೋಗಿದ್ದಿ?" ಅಂದರು. ಚಪ್ಪಲಿ ಸಿಕ್ಕಿತು, ಹೊರಟೇ ಹೋದರು.

ಬಾಸೆಲ್ ಮಿಷನ್‌ನವರು 1839ರಲ್ಲಿ ಹುಬ್ಬಳ್ಳಿಗೆ ಬಂದರು. ನಮ್ಮದು ಹಾಗೆ ಬೆಳೆದ ಹಳೇ ಸಭೆ, ನಾನು ಹುಟ್ಟಿನಿಂದಲೇ ಅಲ್ಲಿಯವನು. ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಗಿದ್ಯೋನ ಕಣದಲ್ಲಿ ಕುರಿಯ ಉಣ್ಣೆ ಇಟ್ಟು, ಅದೊಂದೇ ಮಂಜಿಗೆ ನೆನೆಯಲಿ ಅಂತ ದೇವರಿಂದ ಗುರುತು ಕೇಳಿದ ಕಥೆ ಸಂಡೇ ಸ್ಕೂಲಿನಿಂದ ಬಾಯಿಪಾಠ, ನನ್ನ ಚಿಗರಿ ಷರತ್ತಿಗೂ ಅದೇ ಆಧಾರ. ಆ ಅಜ್ಜಿಯ ಮಾತು ಚುಚ್ಚಿದ ರಾತ್ರಿ ಆ ಕಥೆ ಇರೋ ನ್ಯಾಯಸ್ಥಾಪಕರು 6ನೇ ಅಧ್ಯಾಯ ತೆಗೆದು ಓದಿದೆ. ಗಿದ್ಯೋನನಿಗೆ ಏನು ಮಾಡಬೇಕು ಅಂತ ದೇವರು ಮೊದಲೇ ಹೇಳಿಯಾಗಿತ್ತು! ಉಣ್ಣೆ ಇಟ್ಟದ್ದು ಅವನ ಹೆದರಿಕೆಗೆ. ನನಗೋ, ದೇವರು ಏನೂ ಹೇಳಿರಲಿಲ್ಲ. ಹೇಳೋಕೆ ನಾನು ಪುರುಸೊತ್ತೂ ಕೊಟ್ಟಿರಲಿಲ್ಲ.

ಆಮೇಲೆ ಓದೋಕೆ ಶುರು ಮಾಡಿದ್ದು ಸತ್ಯವೇದದ ಕೀರ್ತನೆಗಳಿಂದ. ಒಟ್ಟು 150, ದಿನಕ್ಕೆ ಐದು. ಲೆಕ್ಕ ಸುಲಭ, ಇವತ್ತಿನ ತಾರೀಖಿನ ಕೀರ್ತನೆ ಓದೋದು, ಆಮೇಲೆ ಮೂವತ್ತು ಮೂವತ್ತು ಕೂಡಿಸುತ್ತಾ ಹೋಗೋದು. 29ನೇ ತಾರೀಖು 119 ಬರುತ್ತೆ, 176 ವಚನ, ಕೆಲಸಕ್ಕೆ ಹೋಗೋವನಿಗೆ ಆಗೋ ಮಾತಲ್ಲ. ಅದನ್ನು 31ಕ್ಕೆ ಎತ್ತಿಡ್ತೀನಿ. 31 ಇಲ್ಲದ ತಿಂಗಳಲ್ಲಿ ತಪ್ಪಿಸಿಕೊಂಡೆ ಅಂತಲೇ ಇಟ್ಟುಕೊಳ್ಳಿ.

ಹೀಗೆ ಓದಿದರೆ ನಮಗೆ ಬೇಕಾದ ವಾಕ್ಯ ಆರಿಸಿಕೊಳ್ಳೋಕೆ ಆಗಲ್ಲ. ಮೊದಲು ನಾನು ಕಣ್ಣು ಮುಚ್ಚಿ ಸತ್ಯವೇದ ತೆರೆದು, ಬೆರಳಿಟ್ಟ ಕಡೆ ಓದ್ತಿದ್ದೆ. ಹಿಡಿಸದಿದ್ದರೆ ಇನ್ನೊಂದು ಸಲ ತೆರೀತಿದ್ದೆ. ಈಗ 28 ಬಂತು ಅಂದರೆ 88ನೇ ಕೀರ್ತನೆ ಓದಲೇಬೇಕು. ಅದು ಕತ್ತಲೆಯಲ್ಲೇ ಮುಗಿಯುತ್ತೆ, ಕೊನೆಯಲ್ಲಿ ಒಂದು ಸಮಾಧಾನದ ಮಾತೂ ಇಲ್ಲ. ಮೊದಲನೇ ತಿಂಗಳು ಅದನ್ನು ಓದಿ ಮುಗಿಸಿ, ಪುಣೆಯ ಸಿಟ್ಟನ್ನೆಲ್ಲ ದೇವರ ಮುಂದೆ ಬಾಯಿಬಿಟ್ಟು ಹೇಳಿದೆ. ಬೈದೆ ಅಂದರೂ ಸರಿ. ಅಲ್ಲಿಯವರೆಗೆ ನನ್ನ ಪ್ರಾರ್ಥನೆ ಅಂದರೆ ಅಯ್ಯನವರ, ಅಂದರೆ ಪಾಸ್ಟರ್ ಅವರ, ಪ್ರಾರ್ಥನೆಯ ನಕಲು. ಅವತ್ತು ಮೊದಲ ಸಲ ನನ್ನ ದನಿ ನನಗೇ ಕೇಳಿಸಿತು.

ಜೊತೆಗೆ ಒಂದು ನೋಟ್‌ಬುಕ್. ಎಡಗಡೆ ನನಗೇನು ಬೇಕು, ಬಲಗಡೆ ನನಗೇನು ಹೆದರಿಕೆ. ಪುಣೆಯದ್ದನ್ನೂ ಹಿಂದಿನ ಲೆಕ್ಕದ ಹಾಗೆ ಬರೆದು ನೋಡಿದೆ. ಬಲಗಡೆ ಬಂದದ್ದು ಒಂದೇ ಸಾಲು: ಕೆಲಸ ಇಲ್ಲದವನು ಅಂತ ಭಾವಮೈದ ನಗ್ತಾನೆ.

ಆ ವರ್ಷ ತಾರಿಹಾಳದಲ್ಲಿ ಗೆಳೆಯನೊಬ್ಬ ಪಾಲಿನಲ್ಲಿ ಹಳೇ ಲೇಥ್ ಹಾಕೋಣ ಅಂದ. ಈ ಸಲ ಗುರುತು ಕೇಳಲಿಲ್ಲ. ಆರು ವಾರ ಓದಿದೆ, ಬರೆದೆ, ಶುಕ್ರವಾರ ಉಪವಾಸ ಮಾಡಿದೆ, ದುಡ್ಡು ಎಣಿಸಿದೆ. ಹೆಂಡತಿಯನ್ನು ಕೇಳಿ ಬಾಯಿ ಮುಚ್ಚಿಕೊಂಡು ಕೂತೆ, ಇದೇ ಎಲ್ಲಕ್ಕಿಂತ ಕಷ್ಟ. ಅವಳು ಎರಡು ದಿನ ಬಿಟ್ಟು "ಹೂಂ, ಆದರ ಬಂಗಾರ ಒತ್ತಿ ಇಡೂದು ಬ್ಯಾಡ" ಅಂದಳು. ದೇವರು ನನ್ನ ಜೊತೆ ಮಾತಾಡಿದ ಅಂತ ನಾನು ಸಾಕ್ಷಿ ಹೇಳೋದಾದರೆ ಅದು ಈ ಮಾತೇ.

ಸತ್ಯವೇದದ ಅಪೊಸ್ತಲರ ಕೃತ್ಯಗಳು 16ರಲ್ಲಿ, ಸುವಾರ್ತೆ ಸಾರೋಕೆ ಹೊರಟ ಪೌಲನಿಗೂ ಎರಡು ಸಲ ದಾರಿ ಬಂದ್ ಆಗುತ್ತೆ, ಆಸ್ಯದಲ್ಲಿ ಒಂದು ಸಲ, ಬಿಥೂನ್ಯದಲ್ಲಿ ಇನ್ನೊಂದು ಸಲ. ನಮ್ಮಲ್ಲಿಗೆ ಬಾ ಅಂತ ಕರೆದ ಮಕೆದೋನ್ಯದವನ ದರ್ಶನ ಆದದ್ದು ಅವನು ತ್ರೋವ ಅನ್ನೋ ಊರಿಗೆ ಬಂದ ಮೇಲೆ. ಅಲ್ಲಿಯವರೆಗೆ ನಡೆದದ್ದೇ ನಡೆದದ್ದು. ಲೇಥ್ ಈಗ ನಡೀತಿದೆ, ಒಂದು ತಿಂಗಳು ಚೆನ್ನಾಗಿ, ಒಂದು ತಿಂಗಳು ಕುಂಟುತ್ತಾ.

ನಮ್ಮ ಓಣಿಯಲ್ಲಿ ನೀರು ಬರೋದು ಎಷ್ಟೋ ದಿನಕ್ಕೊಮ್ಮೆ, ಅದೂ ನಡುರಾತ್ರಿ. ಮೊದಲೆಲ್ಲ ಆ ದಿನ ಓದು ತಪ್ಪುತ್ತಿತ್ತು. ಈಗ ಡ್ರಮ್ಮಿನ ಪಕ್ಕ ಸ್ಟೂಲ್ ಹಾಕಿ ಕೂತಿರ್ತೀನಿ. ನೀರಿಗಿಂತ ಮುಂಚೆ ನಲ್ಲಿಯಲ್ಲಿ ಬರೀ ಗಾಳಿ ಬುಸ್ ಅಂತ ಬರುತ್ತೆ. ಇವತ್ತು 14. ನಾಲ್ಕು ಓದಿಯಾಗಿದೆ, 134 ಬಾಕಿ, ಮೂರೇ ವಚನ, ರಾತ್ರಿ ಹೊತ್ತು ಆಲಯದಲ್ಲಿ ನಿಂತು ಸೇವೆ ಮಾಡೋವರಿಗೆ ಹೇಳಿದ್ದು. ಗಾಳಿ ಶುರುವಾಯ್ತು, ಪೈಪ್ ಹಾಕಿ ಬರ್ತೀನಿ.