13 ಮಿ.ಮೀ. ರೋಲರ್‌ಗಳಲ್ಲಿ ತಾಮ್ರದ ಪಟ್ಟಿ ನೆಟ್ಟಗಾದದ್ದು

ಸಣ್ಣ ರೋಲರ್‌ಗಳ ನಡುವೆ ತಾಮ್ರದ ಪಟ್ಟಿಯನ್ನು ಮೇಲೆ ಕೆಳಗೆ ಬಾಗಿಸಿ ನೆಟ್ಟಗೆ ಮಾಡುವ ಯಂತ್ರವೊಂದನ್ನು ನಾನೇ ಕಟ್ಟಿದ್ದೇನೆ. ಕಳೆದ ತಿಂಗಳು ಅದರಿಂದ ಹೊರಬಂದ 0.2 ಮಿ.ಮೀ. ದಪ್ಪ, 120 ಮಿ.ಮೀ. ಅಗಲದ ಪಟ್ಟಿಯಿಂದ ಒಂದಡಿ ತುಂಡು ಕತ್ತರಿಸಿ ಸರ್ಫೇಸ್ ಪ್ಲೇಟ್ (ನಿಖರವಾಗಿ ಸಮತಟ್ಟಾದ ಹಲಗೆ) ಮೇಲಿಟ್ಟೆ. ಸಂದಿ ಅಳೆಯುವ 0.2 ಮಿ.ಮೀ. ಫೀಲರ್ ಗೇಜ್ ಯಾವ ಅಂಚಿನಲ್ಲೂ ತೂರಲಿಲ್ಲ. ಅದೇ ತುಂಡನ್ನು ಉದ್ದಕ್ಕೆ ಎಂಟು ಎಳೆಗಳಾಗಿ ಸೀಳಿ ಮತ್ತೆ ಇಟ್ಟೆ. ಎಳೆಗಳೂ ಮಲಗಿಯೇ ಇದ್ದವು. "ಅಷ್ಟು ಸಣ್ಣ ರೋಲರ್ ಪೆನ್ಸಿಲ್‌ನಂತೆ ಬಾಗುತ್ತದೆ, ದುಡ್ಡು ಹಾಳು ಮಾಡಬೇಡಿ" ಎಂದು ಹೇಳಿದ್ದ ಪಕ್ಕದ ಶೆಡ್‌ನ ಇಬ್ಬರನ್ನು ಕರೆದು ತೋರಿಸಿದೆ. ಅವರು ಫೀಲರ್ ಕೈಗೆತ್ತಿಕೊಂಡು ತಾವೇ ನೋಡಿದರು. ಎರಡೂವರೆ ವರ್ಷದಲ್ಲಿ ಅಷ್ಟು ಸಂತೋಷ ನನಗೆ ಬೇರೆ ಯಾವ ದಿನವೂ ಆಗಿರಲಿಲ್ಲ.

ಪೀಣ್ಯದಲ್ಲಿ ನನ್ನದು ಐದು ಪ್ರೆಸ್‌ಗಳ ಸಣ್ಣ ಕಾರ್ಖಾನೆ. ಬ್ಯಾಟರಿ ಪ್ಯಾಕ್‌ಗೆ ಬೇಕಾದ ತಾಮ್ರದ ಕನೆಕ್ಟರ್‌ಗಳ ಕೆಲಸ ಸಿಕ್ಕಾಗ ಇದು ಶುರುವಾಯಿತು. ಗ್ರಾಹಕರು ಆ ಕನೆಕ್ಟರ್‌ಗಳನ್ನು ಸೆಲ್‌ಗಳ ಮೇಲೆ ಲೇಸರ್ ವೆಲ್ಡಿಂಗ್ ಮಾಡುತ್ತಾರೆ. ಪಟ್ಟಿಗೂ ಸೆಲ್‌ಗೂ ನಡುವೆ ಕೂದಲೆಳೆಯಷ್ಟು ಸಂದಿ ಉಳಿದರೂ ವೆಲ್ಡ್ ಹಿಡಿಯುವುದಿಲ್ಲ. ನಮ್ಮ ಮೊದಲ ಲಾಟಿನಲ್ಲಿ ಸುಮಾರು 180 ಕಿಲೋ ವಾಪಸ್ ಬಂತು. ಆಗ ಪಟ್ಟಿಯ ಬೆಲೆ ಕಿಲೋಗೆ 850 ರೂಪಾಯಿಯ ಆಸುಪಾಸು. ಗುಜರಿಗೆ ಹಾಕಿ ಬಂದದ್ದನ್ನು ಕಳೆದರೂ ಕೂಲಿ ಸೇರಿ ಅರವತ್ತು ಸಾವಿರಕ್ಕೂ ಹೆಚ್ಚು ಕೈಬಿಟ್ಟಿತು.

ಆಗ ನನ್ನ ಬಳಿ ಇದ್ದದ್ದು 1.4 ಲಕ್ಷ ಕೊಟ್ಟು ತಂದ ಹಳೆಯ ಏಳು ರೋಲರ್‌ಗಳ ಸ್ಟ್ರೈಟ್ನರ್, ರೋಲರ್ ವ್ಯಾಸ 40 ಮಿ.ಮೀ. ಸುರುಳಿಯ ಬಾಗು ಅದರಲ್ಲಿ ಚೆನ್ನಾಗಿಯೇ ಹೋಗುತ್ತಿತ್ತು. ಆದರೆ ಅಂಚಿನ ಅಲೆ ಹಾಗೆಯೇ ಉಳಿಯುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಪಟ್ಟಿ ನೋಡಲು ನೆಟ್ಟಗಿದ್ದರೂ ಪ್ರೆಸ್‌ನಲ್ಲಿ ಬೆರಳಿನಂಥ ಕಾಲುಗಳನ್ನು ಕತ್ತರಿಸಿದ ಕೂಡಲೇ ಒಂದು ಕಾಲು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಏಳುತ್ತಿತ್ತು. ಒಳಗೆ ಬಿಗಿತ ಉಳಿದಿದೆ ಎಂದೇ ಅದರ ಅರ್ಥ. ಅಂದಿನಿಂದ ತುಂಡನ್ನು ಎಳೆಗಳಾಗಿ ಸೀಳಿ ನೋಡದೆ ಯಾವ ಪಟ್ಟಿಯನ್ನೂ ನಾನು ಒಪ್ಪುವುದಿಲ್ಲ.

ಹೊಸ ಯಂತ್ರಕ್ಕೆ ಒಬ್ಬರು 15 ಲಕ್ಷದ ಹತ್ತಿರ ಕೇಳಿದರು. ನಾನೇ ಮಾಡುತ್ತೇನೆ ಎಂದು ಕೂತೆ.

ಲೆಕ್ಕ ಹೀಗಿತ್ತು. ಹಾಫ್ ಹಾರ್ಡ್ (ಅರೆಗಡಸು) ತಾಮ್ರ, 0.2 ದಪ್ಪ, 60 ಮಿ.ಮೀ. ತ್ರಿಜ್ಯಕ್ಕೆ ಬಾಗಿಸಿದಾಗ ಮೇಲ್ಮೈ ಈಲ್ಡ್ ಆಗಲು, ಅಂದರೆ ಮತ್ತೆ ಮೊದಲಿನಂತಾಗದೆ ಶಾಶ್ವತವಾಗಿ ಬಾಗಲು, ಆರಂಭ. ದಪ್ಪದ ನಾಲ್ಕನೇ ಮೂರು ಭಾಗಕ್ಕಿಂತ ಹೆಚ್ಚು ಈಲ್ಡ್ ಆಗಬೇಕಾದರೆ ತ್ರಿಜ್ಯ 12ರಿಂದ 15ಕ್ಕೆ ಇಳಿಯಬೇಕು. 40ರ ರೋಲರ್‌ನಲ್ಲಿ ಅದು ಆಗದ ಮಾತು. ರೋಲರ್ ಸಂಖ್ಯೆ ಹೆಚ್ಚಿಸಿದರೆ ಸಾಕು ಎಂದು ಸಲಹೆ ಕೊಟ್ಟವರೇ ಹೆಚ್ಚು. ನನಗೆ ಸಂಖ್ಯೆಗಿಂತ ವ್ಯಾಸ ಮುಖ್ಯ ಎನಿಸಿತು. ವ್ಯಾಸ 13, ಪಿಚ್ (ಅಕ್ಕಪಕ್ಕದ ರೋಲರ್‌ಗಳ ನಡುಬಿಂದುಗಳ ಅಂತರ) 14 ಮಿ.ಮೀ. ಎಂದು ತೀರ್ಮಾನಿಸಿದೆ.

ಮೊದಲು 13 ರೋಲರ್ ಮಾಡಿಸಿದೆ, ಇಎನ್31 ಎಂಬ ಬೇರಿಂಗ್ ಉಕ್ಕಿನಲ್ಲಿ, ಬ್ಯಾಕಪ್ (ರೋಲರ್ ಬಾಗದಂತೆ ಹಿಂದಿನಿಂದ ಕೊಡುವ ಆಸರೆ) ಇಲ್ಲದೆ. ಹಾರ್ಡನಿಂಗ್‌ಗೆ ಕೊಟ್ಟದ್ದು ಬಾಳೆಹಣ್ಣಿನಂತೆ ಬಾಗಿ ಬಂತು. ಗ್ರೈಂಡಿಂಗ್‌ನಲ್ಲಿ ಸವೆಸಲು 0.4 ಮಿ.ಮೀ. ಮಾತ್ರ ಹೆಚ್ಚುವರಿ ಬಿಟ್ಟಿದ್ದೆ, ಅರ್ಧದಷ್ಟು ರೋಲರ್‌ಗಳಲ್ಲಿ ಕಪ್ಪು ಕಲೆ ಉಳಿದೇ ಹೋಯಿತು. ಮೂವತ್ತೈದು ಸಾವಿರ ನೀರಿನಲ್ಲಿ ಹೋಮ. ಎಚ್‌ಎಂಟಿಯಲ್ಲಿ ಗ್ರೈಂಡಿಂಗ್ ಮಾಡಿ ನಿವೃತ್ತರಾದ ಹಿರಿಯರೊಬ್ಬರು 0.8 ಬಿಡಿ, ಎರಡು ಸಲ ಗ್ರೈಂಡ್ ಮಾಡಿಸಿ, ನಡುವೆ ಒಂದು ವಾರ ರೋಲರ್‌ಗಳನ್ನು ನೇತುಹಾಕಿ ಬಿಡಿ ಎಂದರು. ಅಕ್ಷರಶಃ ಪಾಲಿಸಿದೆ. ಎರಡನೇ ಸಲ 20 ರೋಲರ್, ಒಂದಕ್ಕೆ 2,300ರ ಲೆಕ್ಕ, ಒಂದೂ ಕೆಡಲಿಲ್ಲ.

ಬ್ಯಾಕಪ್ ಇಲ್ಲದಾಗ ಬಾಗುತ್ತದೆ ಎಂದವರ ಮಾತು ಅಷ್ಟರ ಮಟ್ಟಿಗೆ ಸರಿ, ಒಪ್ಪುತ್ತೇನೆ. ಉತ್ತರ, ರೋಲರ್‌ಗೆ ಬ್ಯಾಕಪ್ ಆಗಿ ಇಡಬಲ್ಲ 688 ಎಂಬ ಸಣ್ಣ ಬಾಲ್ ಬೇರಿಂಗ್‌ನಲ್ಲಿ ಸಿಕ್ಕಿತು. ಹೊರವ್ಯಾಸ 16, ಪಿಚ್ 14, ಹಾಗಾಗಿ ಅಕ್ಕಪಕ್ಕ ಒಂದೇ ಸಾಲಿನಲ್ಲಿ ಕೂರುವುದಿಲ್ಲ. ಸರಿಸಿ ಸರಿಸಿ ಜೋಡಿಸಲೇಬೇಕು. ಅದೇ ಒಳ್ಳೆಯದಾಯಿತು. ಸಾಲಾಗಿ ಕೂತಿದ್ದರೆ ಬೇರಿಂಗ್‌ನ ಅಂಚು ರೋಲರ್ ಮೇಲೆ, ರೋಲರ್ ಪಟ್ಟಿಯ ಮೇಲೆ, ಒಂದೇ ಜಾಗದಲ್ಲಿ ಗೆರೆ ಬೀಳುತ್ತಿತ್ತು. ಸರಿಸಿದ ಮೇಲೂ ಮಸುಕಾದ ಪಟ್ಟೆಗಳು ಕಂಡವು. ಬೇರಿಂಗ್‌ನ ಹೊರಮೈಗೆ ನಾನು ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾಲ್ಕು ತಿಂಗಳು ಕೊಟ್ಟಿದ್ದೇನೆ.

ಬ್ಯಾಕಪ್‌ಗಳನ್ನು ಎರಡು ಅಂಚು ಮತ್ತು ನಡು ಎಂದು ಮೂರು ಗುಂಪು ಮಾಡಿ, ಪ್ರತಿಯೊಂದರ ಕೆಳಗೆ ವೆಡ್ಜ್ (ಬೆಣೆ) ಇಟ್ಟೆ. ಅಂಚಿನಲ್ಲಿ ಅಲೆ ಇದ್ದರೆ ನಡುವಿನ ವೆಡ್ಜ್ ಏರಿಸುತ್ತೇನೆ, ನಡುವೆ ಉಬ್ಬಿದ್ದರೆ ಅಂಚಿನ ಎರಡನ್ನೂ. ಇದು ಸಿದ್ಧಿಸಿದ ದಿನವೇ ಯಂತ್ರ ನಿಜವಾದ ಲೆವೆಲರ್ (ಬಾಗನ್ನಷ್ಟೇ ಅಲ್ಲ, ಅಲೆಯನ್ನೂ ತೆಗೆಯುವ ಯಂತ್ರ) ಆದದ್ದು.

ಡ್ರೈವ್ ವಿಷಯದಲ್ಲಿ ಎಲ್ಲರೂ ನನ್ನ ವಿರುದ್ಧ ಇದ್ದರು. ಯಂತ್ರದಲ್ಲಿ ಕೂರಿಸಿದ ಹದಿನೇಳು ರೋಲರ್‌ಗೂ ಪುಟ್ಟ ಗೇರ್ ಹಾಕಿ ನೋಡಿದೆ; ಹಲ್ಲಿನ ನಡುಕ ಪಟ್ಟಿಯ ಮೇಲೆ ಅಡ್ಡ ಗೆರೆಗಳಾಗಿ ಮೂಡಿತು. ಎಲ್ಲ ಗೇರ್ ಬಿಚ್ಚಿ ಎಸೆದು, ಹೊರಹೋಗುವ ಕಡೆ ಪಾಲಿಯುರೆಥೇನ್ ಹೊದಿಸಿದ ಪಿಂಚ್ ರೋಲ್ (ಪಟ್ಟಿಯನ್ನು ನಡುವೆ ಒತ್ತಿಹಿಡಿದು ಎಳೆಯುವ ರೋಲರ್ ಜೋಡಿ) ಇಟ್ಟು ಪಟ್ಟಿಯನ್ನು ಬರಿದೆ ಎಳೆದೆ. ರೋಲರ್ ತಿರುಗದೆ ಉಜ್ಜಿ ಗೀರುತ್ತದೆ ಎಂದರು. ಎರಡು ತುದಿಗೂ ಎಚ್‌ಕೆ0808 ನೀಡಲ್ ಬೇರಿಂಗ್ ಇದೆ, ಉಸಿರು ಊದಿದರೆ ರೋಲರ್ ತಿರುಗುತ್ತದೆ. ಗೀರು ಬೀಳಲಿಲ್ಲ. ನಿಮಿಷಕ್ಕೆ ಎಂಟು ಮೀಟರ್ ಆರಾಮವಾಗಿ ಓಡುತ್ತದೆ.

ಒಳಬರುವ ಕಡೆ ಮೇಲಿನ ಸಾಲಿನ ರೋಲರ್‌ಗಳು ಕೆಳಗಿನ ಸಾಲಿನ ರೋಲರ್‌ಗಳ ನಡುವೆ ಮುಕ್ಕಾಲು ಮಿ.ಮೀ.ಗಿಂತ ಹೆಚ್ಚು ಇಳಿದಿರುತ್ತವೆ. ಹೊರಹೋಗುವ ಕಡೆ ಬರಬರುತ್ತಾ ಸಡಿಲ. ಕೊನೆಯ ಮೂರು ರೋಲರ್‌ಗಳ ಅಂತರ ನನ್ನ ಡೈರಿಯಲ್ಲಿದೆ, ಅಲ್ಲಿಯೇ ಇರಲಿ.

ಒಂದು ತಿಂಗಳು ದಂಡವಾದದ್ದನ್ನೂ ಹೇಳಬೇಕು. ಸ್ಲಿಟಿಂಗ್‌ನಿಂದ (ಅಗಲ ಹಾಳೆಯನ್ನು ಪಟ್ಟಿಗಳಾಗಿ ಸೀಳುವ ಕೆಲಸ) ಕತ್ತಿಯಂತೆ ಪಕ್ಕಕ್ಕೆ ಬಾಗಿ ಬಂದ ಪಟ್ಟಿಯನ್ನು ರೋಲರ್ ಓರೆ ಮಾಡಿ ಸರಿಪಡಿಸಲು ಹೊರಟಿದ್ದೆ. ನನ್ನ ಲೆವೆಲರ್‌ನಿಂದ ಅದು ಹೋಗಲಿಲ್ಲ. ಅಂಥ ಸುರುಳಿಯನ್ನು ಈಗ ಬಾಗಿಲಲ್ಲೇ ವಾಪಸ್ ಕಳಿಸುತ್ತೇನೆ.

ಎಣ್ಣೆಯದು ಬೇರೆಯೇ ಕಥೆ. ತಾಮ್ರದ ಪುಡಿ ರೋಲರ್‌ಗೆ ಅಂಟಿ ಚುಕ್ಕೆ ಬೀಳುತ್ತಿತ್ತು. ಒರೆಸಲು ಇಟ್ಟ, ಸೀಮೆಎಣ್ಣೆ ಹಾಕಿದ ಫೆಲ್ಟ್ (ಉಣ್ಣೆಯ ದಪ್ಪ ಬಟ್ಟೆ) ಅರ್ಧ ಗಂಟೆಯಲ್ಲಿ ಒಣಗಿತು. ಶೆಡ್‌ನಲ್ಲಿದ್ದ ಕಟಿಂಗ್ ಆಯಿಲ್ ಹಚ್ಚಿದೆ. ಅದರಲ್ಲಿ ಗಂಧಕ ಇತ್ತು. ಬೆಳಿಗ್ಗೆ ಬಂದು ನೋಡಿದರೆ ನಲವತ್ತು ಕಿಲೋ ತಾಮ್ರ ಕಂದು ಕಪ್ಪಾಗಿ ಕೂತಿತ್ತು. ಗಂಧಕವಿಲ್ಲದ ತೆಳು ಸ್ಪಿಂಡಲ್ ಆಯಿಲ್, ಎರಡು ಗಂಟೆಗೊಮ್ಮೆ ಫೆಲ್ಟ್ ಬದಲು, ಕೈಗೆ ಹತ್ತಿಯ ಗ್ಲೌಸ್: ಈಗ ಇಷ್ಟೇ. ಮಳೆಗಾಲದಲ್ಲಿ ಬರಿಗೈ ಬೆವರಿನ ಗುರುತು ಎರಡೇ ದಿನಕ್ಕೆ ಎದ್ದು ಕಾಣುತ್ತದೆ.

ಸುರುಳಿ ಬಿಚ್ಚುವ ಡಿಕಾಯಿಲರ್‌ಗೆ ಬ್ರೇಕ್ ಹಾಕಿ ಎಳೆತ ಹೆಚ್ಚಿಸಿಯೂ ನೋಡಿದೆ. ಅಲೆ ಬೇಗ ಸಾಯುತ್ತದೆ, ಆದರೆ 120 ಅಗಲ 119.9 ಆಯಿತು. ನನ್ನ ಟೂಲ್‌ನ ಗೈಡ್‌ಗೆ ಅದು ಒಗ್ಗಲಿಲ್ಲ, ಬ್ರೇಕ್ ಅರ್ಧಕ್ಕೆ ಇಳಿಸಿದೆ.

ಒಟ್ಟು ಖರ್ಚು ನೆನಪಿನ ಮೇಲೆ: ಫ್ರೇಮ್, ವೈರ್‌ಕಟ್ (ತಂತಿಯ ಕಿಡಿಯಿಂದ ಲೋಹ ಕೊಯ್ಯುವ ಕೆಲಸ) 70 ಸಾವಿರ, ಮೋಟರ್ ಮತ್ತು ಡ್ರೈವ್ 45, ಬೇರಿಂಗ್ 20ರ ಮೇಲೆ, ರೋಲರ್ ಎರಡು ಸಲ ಸೇರಿ 80. ಹಾಳಾದ ತಾಮ್ರವನ್ನೂ ಹಳೆಯ ಯಂತ್ರದ ನಷ್ಟವನ್ನೂ ಕೂಡಿಸಿದರೆ ನಾಲ್ಕು ಲಕ್ಷ ದಾಟುತ್ತದೆ. ಈ ಎಂಟು ತಿಂಗಳಲ್ಲಿ ಒಂದು ಲಾಟೂ ವಾಪಸ್ ಬಂದಿಲ್ಲ.

0.15 ಮಿ.ಮೀ. ದಪ್ಪದ ಫಾಸ್ಫರ್ ಬ್ರಾಂಝ್ (ತಾಮ್ರ, ತವರದ ಮಿಶ್ರಲೋಹ) ಹಾಕಿ ನೋಡಿದಾಗ ಮಾತ್ರ ಯಂತ್ರ ಸೋತಿತು. ಅದರ ಸ್ಪ್ರಿಂಗ್ ಗುಣಕ್ಕೆ ಬಾಗಿನ ತ್ರಿಜ್ಯ ನಾಲ್ಕು ಮಿ.ಮೀ.ಗೂ ಕೆಳಗೆ ಬರಬೇಕು, ನನ್ನ ರೋಲರ್‌ನ ತ್ರಿಜ್ಯವೇ ಆರೂವರೆ. ಅದಕ್ಕಾಗಿ 7 ಮಿ.ಮೀ. ರೋಲರ್‌ಗಳ ಇನ್ನೊಂದು ಕ್ಯಾಸೆಟ್ (ಯಂತ್ರದಲ್ಲಿ ಕೂರಿಸುವ ರೋಲರ್ ಜೋಡಣೆ) ಕೈಗೆತ್ತಿಕೊಂಡಿದ್ದೇನೆ. ತುದಿಗೆ ಬೇರಿಂಗ್ ಕೂರಿಸಲು ಜಾಗವೇ ಇಲ್ಲ, ಬ್ಯಾಕಪ್‌ಗಳ ನಡುವೆ ರೋಲರ್ ತೇಲಿಕೊಂಡೇ ತಿರುಗಬೇಕು. ಇಪ್ಪತ್ತಮೂರು ರೋಲರ್ ಹಾರ್ಡನಿಂಗ್‌ಗೆ ಹೋಗಿವೆ, ಶುಕ್ರವಾರ ಬರುತ್ತವೆ.