ಎರಡು ಗಂಟೆ ಕೂತು ನೋಡಿ: ಲೆದರ್ ಸೋಫಾ ಅಳೆಯುವ ನನ್ನ ಪದ್ಧತಿ

ಹೋದ ತಿಂಗಳು ಒಂದು ಹಳೇ ಗಿರಾಕಿಯ ಮನೆಗೆ ಹೋಗಿದ್ದೆ. ಅವರ ಸೋಫಾ ನಾನೇ ಆರಿಸಿಕೊಟ್ಟಿದ್ದು. ಹೆಚ್ಚುಕಮ್ಮಿ ಎರಡು ವರ್ಷ ಆಗಿತ್ತು. ಕೂರುವ ಮೊದಲು ಬಗ್ಗಿ ಸೀಟಿನ ಚರ್ಮ ನೋಡಿದೆ. ಮೂರು ಸೀಟಿನಲ್ಲೂ ಸುಕ್ಕು ಒಂದೇ ಥರ ಬಿದ್ದಿತ್ತು. ನಡುವಿನ ಸೀಟಿನ ಮುಂದಿನ ಅಂಚು ಕೂಡ ಮೆತ್ತಗಾಗಿ ಸ್ವಲ್ಪ ಹೊಳಪು ಬಂದಿತ್ತು. ಯಾರೂ ಕೂರದ ಸೀಟು ಹಾಗೆ ಆಗುವುದಿಲ್ಲ. ಅದರ ಚರ್ಮ ಹತ್ತು ವರ್ಷ ಆದರೂ ಇಸ್ತ್ರಿ ಮಾಡಿದ ಹಾಗೇ ಇರುತ್ತದೆ. ಈ ಮನೆಯವರು ಆ ಸೋಫಾವನ್ನು ದಿನಾ ಬಳಸಿದ್ದಾರೆ. ಕೊಳ್ಳುವ ಮೊದಲು ಸೋಫಾದ ಮೇಲೆ ಎರಡು ಗಂಟೆ ಕೂತು ನೋಡುವ ನನ್ನ ಪದ್ಧತಿ ಸರಿ ಅಂತ ನನಗೆ ಗಟ್ಟಿಯಾಗಿದ್ದು ಆವತ್ತು.

ಇದನ್ನು ಬರೆಯಲು ಕಾರಣ, ಶುರುವಿನಲ್ಲಿ ಯಾರೂ ಇದನ್ನು ಒಪ್ಪಿರಲಿಲ್ಲ. ನನ್ನ ಜೊತೆಗೇ ಕೆಲಸ ಮಾಡುವ ತಮ್ಮನೇ, "ಅಣ್ಣಾ, ಸೋಫಾ ಅಂದ್ರೆ ಕೂತ ತಕ್ಷಣ ಗೊತ್ತಾಗುತ್ತೆ, ಅದಕ್ಕೆ ಗಡಿಯಾರ ಯಾಕೆ?" ಅಂದಿದ್ದ. ಇನ್ನೊಬ್ಬರು, ಈ ಕಸುಬಿನಲ್ಲಿ ನನಗಿಂತ ಹಿರಿಯರು, ಗಿರಾಕಿಯನ್ನು ಎರಡು ಗಂಟೆ ಕೂರಿಸಿದರೆ ವ್ಯಾಪಾರ ಕೆಡುತ್ತದೆ ಅಂದರು. ಕೆಡಲಿಲ್ಲ. ಜಾಸ್ತಿಯೇ ಆಯಿತು.

ಕುಶನ್ ಕೆಲಸ ಮಾಡುವವರಿಗೇ ಇದನ್ನು ಬರೆಯುತ್ತಿದ್ದೇನೆ. ಸೀಟಿನ ಕೆಳಗೆ ವೆಬ್ಬಿಂಗ್ ಪಟ್ಟಿ ಎಳೆಯುವುದು, ಸ್ಪ್ರಿಂಗ್ ಕಟ್ಟುವುದು ನಿಮಗೆ ಗೊತ್ತಿರುವುದೇ. ಅದಕ್ಕೆ ಹೋಗುವುದಿಲ್ಲ.

ಮೊದಲು ಕಳೆದುಕೊಂಡ ದುಡ್ಡಿನ ಕತೆ ಹೇಳಿಬಿಡುತ್ತೇನೆ. ಸುಮಾರು ಹನ್ನೆರಡು ವರ್ಷದ ಹಿಂದೆ ಒಂದು ಹಳೇ ಚೆಸ್ಟರ್‌ಫೀಲ್ಡ್ ಸೋಫಾ ಕೈಗೆ ಸಿಕ್ಕಿತು. ದುಂಡಗೆ ಸುತ್ತಿದ ಕೈಗಳು, ಒರಗಿನಷ್ಟೇ ಎತ್ತರ, ಚರ್ಮದೊಳಗೆ ಆಳಕ್ಕೆ ಎಳೆದು ಕಟ್ಟಿದ ಗುಂಡಿಗಳು (ಬಟನ್). ಫ್ರೇಮು ಗಟ್ಟಿ ಇತ್ತು. ಮುಂದಿನ ಒಂದು ಕಾಲನ್ನು ಒಂದು ಗೇಣು ಎತ್ತಿದರೆ ಪಕ್ಕದ ಕಾಲೂ ಜೊತೆಗೇ ಎದ್ದಿತು, ತಿರುಚಲಿಲ್ಲ. ಸರಿ, ನನ್ನ ಮೂರು ತಿಂಗಳ ದುಡಿಮೆಯನ್ನು ಅದಕ್ಕೆ ಸುರಿದೆ. ಹೊಸ ಚರ್ಮ, ಹೊಸ ಫೋಮು. ಗಟ್ಟಿ ಇದ್ದರೆ ಬಾಳಿಕೆ ಬರುತ್ತದೆ ಅಂತ ಬಹಳ ಗಟ್ಟಿ ಫೋಮು ಹಾಕಿದೆ. ಸೀಟು ನೆಲದಿಂದ 51 ಸೆಂ.ಮೀ.ಗೆ ಬಂತು. ನೋಡಿದವರೆಲ್ಲ ಹೊಗಳಿದರು. ಕೊಂಡವರ ಮನೆಯಲ್ಲಿ ತಾಯಿ ಕೂತರೆ ಪಾದ ನೆಲಕ್ಕೆ ತಾಗುತ್ತಿರಲಿಲ್ಲ. ತೊಡೆಯ ಕೆಳಗೆ ಅಂಚು ಒತ್ತಿ ಕಾಲು ಜೋಮು ಹಿಡಿಯುತ್ತಿತ್ತು. ಎರಡೇ ತಿಂಗಳಿಗೆ ಸೋಫಾ ವಾಪಸ್ ಬಂತು. ಅರ್ಧ ದುಡ್ಡಿಗೂ ಕಮ್ಮಿಗೆ ಬೇರೆಯವರಿಗೆ ಕೊಟ್ಟೆ.

ಆಮೇಲೆ ಉಲ್ಟಾ ತಪ್ಪು ಮಾಡಿದೆ. ಮೆತ್ತಗೆ ಒಳಗೆ ಹೂತುಹೋಗುವ ಸೋಫಾ ಹುಡುಕಿದೆ. ಸೀಟಿನ ಆಳ ಸುಮಾರು 62 ಸೆಂ.ಮೀ. ಹತ್ತು ನಿಮಿಷ ಸ್ವರ್ಗ. ಆದರೆ ಒರಗಿಗೆ ಬೆನ್ನು ಕೊಟ್ಟರೆ ಮಂಡಿ ಮಡಚಲು ಆಗುವುದಿಲ್ಲ, ಮಂಡಿ ಮಡಚಿದರೆ ಬೆನ್ನಿಗೆ ಆಸರೆ ಇಲ್ಲ. ಏಳಬೇಕಾದರೆ ಒಂದು ಕೈ ಸೀಟಿಗೆ, ಒಂದು ಕೈ ಸೋಫಾದ ಕೈಗೆ ಊರಬೇಕು. ಅದೂ ನಷ್ಟ. ಮೊದಲಿನಷ್ಟು ಅಲ್ಲ, ಒಂದು ತಿಂಗಳ ದುಡಿಮೆ ಇರಬಹುದು.

ಈ ಎರಡು ಪೆಟ್ಟು ತಿಂದ ಮೇಲೆ ಒಂದು ವಿಷಯ ತಲೆಗೆ ಹೋಯಿತು. ಲೆದರ್ ಸೋಫಾದ ಮೊದಲ ಹತ್ತು ನಿಮಿಷವನ್ನು ನಂಬಬಾರದು. ಬಟ್ಟೆಯ ಸೋಫಾ ಮೊದಲ ಕೂರುವಿಕೆಯಲ್ಲೇ ತನ್ನ ಗುಣ ತೋರಿಸಿಬಿಡುತ್ತದೆ. ಚರ್ಮ ಹಾಗಲ್ಲ. ಅದು ಮೈಶಾಖಕ್ಕೆ ಬೆಚ್ಚಗಾಗಬೇಕು, ಸಡಿಲ ಆಗಬೇಕು, ಒಳಗಿನ ಗಾಳಿ ಹೊಲಿಗೆಯ ಸಂದಿನಿಂದ ನಿಧಾನಕ್ಕೆ ಹೊರಗೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೀವು ಜಾರಬೇಕು.

ಜಾರುವುದೇ ಈ ಸೋಫಾಗಳ ಅಸಲಿ ಕಾಯಿಲೆ. ಮೇಲೆ ಬಣ್ಣದ ಪದರ ಇರುವ ಚರ್ಮ ನುಣುಪು. ಕೂತವರು ಗೊತ್ತಿಲ್ಲದ ಹಾಗೆ ಮುಂದೆ ಮುಂದೆ ಬರುತ್ತಾರೆ. ಸೊಂಟದ ಹಿಂದೆ ಖಾಲಿ ಜಾಗ ಆಗುತ್ತದೆ, ಬೆನ್ನು ಬಾಗುತ್ತದೆ. ರಾತ್ರಿ ಸೊಂಟ ನೋವು ಅಂತಾರೆ, ಸೋಫಾದ ಮೇಲೆ ಅನುಮಾನವೇ ಬರುವುದಿಲ್ಲ. ಇದನ್ನು ಅಳೆಯಲು ನಾನು ಮಾಡುವುದು ಇಷ್ಟೇ. ಬೆನ್ನು ಪೂರ್ತಿ ಒರಗಿಗೆ ತಾಗುವ ಹಾಗೆ ಕೂರುತ್ತೇನೆ. ಸೀಟಿನ ಮುಂದಿನ ಅಂಚಿನ ನೇರಕ್ಕೆ ಪ್ಯಾಂಟಿನ ಪಕ್ಕದ ಹೊಲಿಗೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ. ಆಮೇಲೆ ಏನಾದರೂ ಓದುತ್ತೇನೆ. ನಲವತ್ತು ನಿಮಿಷ ಆದ ಮೇಲೆ ಆ ಗೆರೆ ಅಂಚಿನಿಂದ ಎಷ್ಟು ಬೆರಳು ಮುಂದೆ ಹೋಗಿದೆ ಅಂತ ನೋಡುತ್ತೇನೆ. ಒಂದು ಬೆರಳು ಆದರೆ ಒಳ್ಳೇ ಸೋಫಾ. ಎರಡು, ನಡೆಯುತ್ತದೆ. ನಾಲ್ಕು ಬೆರಳು ಜಾರಿದರೆ ಅದು ಎಷ್ಟೇ ಚಂದ ಇದ್ದರೂ ದಿನಬಳಕೆಗೆ ಬೇಡ.

ಒಟ್ಟು ಎರಡು ಗಂಟೆ. ಮೊದಲ ನಲವತ್ತು ನಿಮಿಷ ಓದು. ನಂತರ ಅರ್ಧ ಗಂಟೆ ಉದ್ದಕ್ಕೆ ಮಲಗುವುದು. ಚೆಸ್ಟರ್‌ಫೀಲ್ಡ್ ಕೈಗಳು ಎತ್ತರ, ದಿಂಬಿಲ್ಲದೆ ಕತ್ತು ಮುರಿಯುತ್ತದೆ. ಅದನ್ನು ಗಿರಾಕಿಗೆ ಮೊದಲೇ ಹೇಳಿಬಿಡುವುದು ಒಳ್ಳೇದು. ಉಳಿದ ಹೊತ್ತು ಇಬ್ಬರು ಕೂತು ಮಾತಾಡುವುದು, ಪಕ್ಕಕ್ಕೆ ತಿರುಗುವುದು, ಕಾಲು ಮಡಚಿ ಕೂರುವುದು. ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯಲ್ಲಿ ತುಂಬಿದ ಲೋಟ ಹಿಡಿದು, ಇನ್ನೊಂದು ಕೈ ಊರದೆ ಏಳುವುದು. ನೀರು ಚೆಲ್ಲಿದರೆ ಸೀಟು ತಗ್ಗು ಅಥವಾ ಆಳ ಜಾಸ್ತಿ ಅಂತ ಅರ್ಥ. ನನ್ನ ಲೆಕ್ಕದಲ್ಲಿ ಕೂತು ಕುಸಿದ ಮೇಲೆ ಸೀಟು 40ರಿಂದ 43 ಸೆಂ.ಮೀ. ಇರಬೇಕು. ಅಂದರೆ ಖಾಲಿ ಇದ್ದಾಗ 44-46. ಆಳ 52ರಿಂದ 55. ಎತ್ತರದವರಿಗೆ ಇನ್ನೊಂದು ಮೂರು ಸೆಂ.ಮೀ. ಸೇರಿಸಿ. ಮಂಡಿಯ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಮೂರು ಬೆರಳು ಆಡಬೇಕು. ಇದೊಂದನ್ನು ಮಾತ್ರ ಮನೆಯ ಪ್ರತಿಯೊಬ್ಬರಿಗೂ ನೋಡಲೇಬೇಕು.

ಜಾರುವಿಕೆಗೆ ಮದ್ದು ಹುಡುಕುವಾಗ ಒಂದು ಪ್ರಯೋಗ ಮಾಡಿದ್ದೆ. ಅಂಗಡಿಯಲ್ಲಿ ಬಿದ್ದಿದ್ದ ಮೂರು ಸೀಟಿನ ಸೋಫಾದ ಮುಂದಿನ ಕಾಲುಗಳ ಕೆಳಗೆ ಕಟ್ಟಿಗೆ ತುಂಡು ಇಟ್ಟೆ. ಮೊದಲು 1 ಸೆಂ.ಮೀ., ಆಮೇಲೆ 2, ಆಮೇಲೆ 3. ಒಂದಕ್ಕೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎರಡಕ್ಕೆ ನಾಲ್ಕು ಬೆರಳಿನ ಜಾರಿಕೆ ಒಂದೂವರೆಗೆ ಇಳಿಯಿತು. ಮೂರಕ್ಕೆ ಜಾರಿಕೆ ನಿಂತೇ ಹೋಯಿತು, ಆದರೆ ನನ್ನಮ್ಮನಿಗೆ ಏಳಲು ಆಗಲಿಲ್ಲ. "ಇದೇನೋ ಬಾವಿಯೊಳಗೆ ಕೂತ ಹಾಗಿದೆ" ಅಂದರು. ಹಾಗಾಗಿ ಎರಡಕ್ಕೆ ನಿಂತೆ. ಈಗ ಹಿಂದಿನ ಕಾಲುಗಳನ್ನು ಅಷ್ಟೇ ಕೊಯ್ದುಬಿಡುತ್ತೇನೆ. ಖರ್ಚು ಹೆಚ್ಚುಕಮ್ಮಿ ಸೊನ್ನೆ. ಚರ್ಮ ಬದಲಿಸಿ ಅಂತ ಬಂದ ಕನಿಷ್ಠ ಐದಾರು ಜನರನ್ನು ಈ ಗರಗಸದ ಕೆಲಸದಿಂದಲೇ ಖುಷಿಯಾಗಿ ಕಳಿಸಿದ್ದೇನೆ. ಅವರು ಮುಂದೆ ತಂದುಕೊಟ್ಟ ಕೆಲಸಕ್ಕೆ ಲೆಕ್ಕವಿಲ್ಲ.

ಸೀಟು ಅಷ್ಟೇ ಅಲ್ಲ, ಗುಂಡಿ ಹಾಕಿದ ಒರಗೂ ಮೋಸ ಮಾಡುತ್ತದೆ. ಗುಂಡಿಗಳ ಕೆಳಗಿನ ಸಾಲು ಸೊಂಟದ ನೇರಕ್ಕೆ ಬಂದರೆ ಅರ್ಧ ಗಂಟೆಯಲ್ಲಿ ಚುಚ್ಚಲು ಶುರು. ಆ ಸಾಲಿನ ದಾರವನ್ನು ಎಷ್ಟು ಸಡಿಲ ಬಿಡಬೇಕು, ಹಿಂದೆ ಏನು ತುಂಬಬೇಕು ಅನ್ನುವುದಕ್ಕೆ ನನ್ನದೇ ಒಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬೇಜಾರು ಮಾಡ್ಕೋಬೇಡಿ. ಅದನ್ನು ಕಂಡುಕೊಳ್ಳಲು ನನಗೆ ನಾಲ್ಕು ವರ್ಷ ಬೇಕಾಯಿತು. ಕೆಳಗಿನ ಸಾಲು ಮೇಲಿನ ಸಾಲುಗಳಷ್ಟೇ ಬಿಗಿ ಇರಬೇಕಿಲ್ಲ ಅಂತ ಮಾತ್ರ ಹೇಳುತ್ತೇನೆ.

ಹೆಸರಾಂತ ವಿನ್ಯಾಸಗಳ ಬಗ್ಗೆ ಕೇಳುತ್ತಾರೆ. ಅಮೆರಿಕದ ವಿನ್ಯಾಸಕಿ ಫ್ಲಾರೆನ್ಸ್ ನೋಲ್ ಅವರ 1954ರ ಸೋಫಾ ಮಾದರಿಯವು ಕೆಲವು ನನ್ನ ಕೈಗೆ ಬಂದಿವೆ. ನೇರ ಗೆರೆ, ಚೌಕ ಚೌಕ ಹೊಲಿಗೆ. ನೆಟ್ಟಗೆ ಕೂತು ಮಾತಾಡಲು ಅದರಷ್ಟು ಒಳ್ಳೇದಿಲ್ಲ, ಮಧ್ಯಾಹ್ನದ ನಿದ್ದೆಗೆ ಆಗುವುದಿಲ್ಲ. ಡೆನ್ಮಾರ್ಕಿನ ವಿನ್ಯಾಸಕ ಬೋರ್ಗ ಮೋಗೆನ್ಸನ್ 1962ರಲ್ಲಿ ಮಾಡಿದ ಸೋಫಾದ ಮಾದರಿ ನನಗೆ ಹೆಚ್ಚು ಇಷ್ಟ. ದಿಂಬುಗಳು ಬಿಡಿಬಿಡಿ. ತೆಗೆದು ಜಾಗ ಬದಲಿಸಬಹುದು, ಸವೆತ ಹಂಚಿಕೊಳ್ಳುತ್ತದೆ, ಕೆಳಗಿನ ಧೂಳು ತೆಗೆಯಬಹುದು. ದಿನಬಳಕೆಗೆ ಬಿಡಿ ದಿಂಬಿನ ಸೋಫಾ ಯಾವತ್ತೂ ಒಂದು ಹೆಜ್ಜೆ ಮುಂದೆ. ಗುಂಡಿಯ ಗುಳಿಗಳಲ್ಲಿ ಕಡ್ಡಿ ಹಾಕಿ ಧೂಳು ಕೆದಕಿದವರಿಗೆ ಇದರ ಬೆಲೆ ಗೊತ್ತು.

ಫೋಮಿನ ವಿಷಯದಲ್ಲಿ ಬಾಯಿಮಾತು ನಂಬಬೇಡಿ. ಸೀಟಿಗೆ 40 ಡೆನ್ಸಿಟಿ (ಒಂದು ಘನ ಮೀಟರ್ ಫೋಮಿಗೆ 40 ಕೆ.ಜಿ. ತೂಕ) ಅಂತ ಹೇಳಿ ಒಮ್ಮೆ ನನಗೂ ಟೋಪಿ ಹಾಕಿದ್ದರು. ಆವತ್ತಿನಿಂದ ಚೂರೊಂದನ್ನು ಸರಿಯಾಗಿ 10 ಸೆಂ.ಮೀ. ಉದ್ದ, ಅಗಲ, ಎತ್ತರಕ್ಕೆ ಕೊಯ್ದು ಚಿನ್ನ ತೂಗುವಂಥ ಸಣ್ಣ ತಕ್ಕಡಿಯ ಮೇಲೆ ಇಡುತ್ತೇನೆ. ಎಷ್ಟು ಗ್ರಾಂ ಬರುತ್ತದೋ ಅಷ್ಟೇ ಡೆನ್ಸಿಟಿ. ಆ 40ರ ಫೋಮು ತೂಗಿದ್ದು 26 ಗ್ರಾಂ. ಇನ್ನೊಂದು ಮಾತು, ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ. ಭಾರದ ಫೋಮು ಮೆತ್ತಗೂ ಇರುತ್ತದೆ, ಹಗುರದ್ದು ಗಟ್ಟಿಯೂ ಇರುತ್ತದೆ. ನನ್ನ ಆ 51 ಸೆಂ.ಮೀ. ಚೆಸ್ಟರ್‌ಫೀಲ್ಡ್ ಹಾಳಾಗಿದ್ದು ಇವೆರಡನ್ನೂ ಒಂದೇ ಅಂದುಕೊಂಡಿದ್ದರಿಂದ.

ಚರ್ಮ ತಣ್ಣಗಿರುತ್ತದೆ ಅಂತ ದೂರುವವರಿಗಾಗಿ ಒಂದು ಚಳಿಗಾಲದ ಬೆಳಿಗ್ಗೆ ಬಟ್ಟೆಯ ಸೋಫಾ ಮತ್ತು ಲೆದರ್ ಸೋಫಾ ಎರಡರ ಮೇಲೂ ಥರ್ಮಾಮೀಟರ್ ಇಟ್ಟು ನೋಡಿದೆ. ಎರಡೂ ಒಂದೇ ಅಂಕಿ ತೋರಿಸಿದವು. ಚರ್ಮ ನಮ್ಮ ಮೈಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಅದಕ್ಕೇ ತಣ್ಣಗೆ ಅನಿಸುವುದು. ಐದಾರು ನಿಮಿಷದಲ್ಲಿ ಸರಿಹೋಗುತ್ತದೆ. ಸೆಕೆಯಲ್ಲಿ ಅಂಟುವುದು ಮಾತ್ರ ನಿಜವಾದ ತೊಂದರೆ. ದಪ್ಪ ಬಣ್ಣದ ಪದರ ಇದ್ದಷ್ಟೂ ಜಾಸ್ತಿ ಅಂಟುತ್ತದೆ. ಬಣ್ಣದ ಪದರ ಇಲ್ಲದ ಅನಿಲೀನ್ ಚರ್ಮ ಕಮ್ಮಿ ಅಂಟುತ್ತದೆ, ಆದರೆ ಕಲೆಗೆ ಬಹಳ ಸೂಕ್ಷ್ಮ. ಯಾವುದು ಅಂತ ತಿಳಿಯಲು ಹಿಂಭಾಗದ ಕೆಳಗೆ, ಕಾಣದ ಕಡೆ ಒಂದು ಹನಿ ನೀರು ಬಿಡಿ. ಹನಿ ಮುತ್ತಿನ ಹಾಗೆ ನಿಂತರೆ ಪದರ ಇದೆ. ಹೀರಿಕೊಂಡು ಕಪ್ಪಾದರೆ ಅನಿಲೀನ್. ಮಕ್ಕಳಿರುವ ಮನೆಗೆ ನಾನು ಕಣ್ಣು ಮುಚ್ಚಿ ಪದರ ಇರುವುದನ್ನೇ ಹೇಳುತ್ತೇನೆ. ಅಂಟುತ್ತೆ ಅಂದರೆ ಹತ್ತಿಯ ಹೊದಿಕೆ ಹಾಕಿಕೊಳ್ಳಲಿ. ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ಮಾಡಿದ ಬಾಂಡೆಡ್ ಲೆದರ್ ಮಾತ್ರ ಯಾರಿಗೂ ಬೇಡ. ಕೆಲವೇ ವರ್ಷದಲ್ಲಿ ಸಿಪ್ಪೆ ಎದ್ದು ಬರುತ್ತದೆ, ಅದಕ್ಕೆ ರಿಪೇರಿ ಅನ್ನುವುದೇ ಇಲ್ಲ.

ಎಣ್ಣೆ ಹಚ್ಚಿದರೆ ಚರ್ಮ ಬಾಳುತ್ತದೆ ಅನ್ನುವ ನಂಬಿಕೆಯನ್ನೂ ಪರೀಕ್ಷಿಸಿದೆ. ನಾಲ್ಕು ಚೂರು ಚರ್ಮ ಕಿಟಕಿಯಲ್ಲಿ ಮೂರು ತಿಂಗಳು ಇಟ್ಟೆ. ಅಡುಗೆ ಎಣ್ಣೆ ಹಚ್ಚಿದ್ದು ಕಪ್ಪಾಗಿ ಜಿಡ್ಡು ವಾಸನೆ ಹೊಡೆಯಿತು. ಬಟ್ಟೆ ಸೋಪಿನಲ್ಲಿ ಒರೆಸುತ್ತಿದ್ದುದು ಬಿರುಸಾಯಿತು. ಚರ್ಮದ ಗುಣ ತುಸು ಆಮ್ಲ, ಸೋಪು ಕ್ಷಾರ, ಎರಡಕ್ಕೂ ಆಗಿಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಟ್ಟಿದ್ದು ಚೆನ್ನಾಗೇ ಇತ್ತು. ಏನೂ ಮಾಡದ ನಾಲ್ಕನೆಯದೂ ಸೇರಿ ನಾಲ್ಕೂ ಬಿಸಿಲಿಗೆ ಬಣ್ಣ ಕಳೆದುಕೊಂಡವು. ಹಾಗಾಗಿ ಈಗ ಗಿರಾಕಿಗೆ ಮೊದಲು ಕೇಳುವ ಪ್ರಶ್ನೆ, ಕಿಟಕಿ ಎಲ್ಲಿದೆ ಅಂತ.

ಎರಡನೇ ಪ್ರಶ್ನೆ, ಬಾಗಿಲು ಎಷ್ಟು ಅಗಲ. ಕೈಗಳು ಬಿಚ್ಚಲು ಬಾರದ ಸೋಫಾ ಒಮ್ಮೆ ನನ್ನ ತಲೆಗೆ ಬಂತು. ಬಾಗಿಲಿನ ಚೌಕಟ್ಟು ಕಿತ್ತು ಒಳಗೆ ತೆಗೆದುಕೊಂಡು ಹೋಗಿ ಮತ್ತೆ ಕೂರಿಸಿಕೊಟ್ಟೆ. ಆ ಸೋಫಾದ ಪೂರ್ತಿ ಲಾಭ ಬಡಗಿಗೆ ಹೋಯಿತು.

ಈಗ ಅಂಗಡಿಯಲ್ಲಿ ಒಂದು ಎರಡು ಸೀಟಿನ ಕಂದು ಸೋಫಾ ಪರೀಕ್ಷೆಯಲ್ಲಿದೆ. ನಿನ್ನೆ ತಮ್ಮನೇ ಹೇಳದೆ ಕೇಳದೆ ಸೀಮೆಸುಣ್ಣ ತಗೊಂಡು ಕೂತಿದ್ದ. ಅವನಿಗೆ ಎರಡೂವರೆ ಬೆರಳು ಬಂತು, ನನಗೆ ಮೂರು. ನಾಳೆ ಮುಂದಿನ ಕಾಲಿಗೆ ಒಂದೂವರೆ ಸೆಂ.ಮೀ. ಕಟ್ಟಿಗೆ ಕೊಟ್ಟು ಅಮ್ಮನನ್ನು ಕೂರಿಸಬೇಕು.